ಬೆನ್ನ ಹಿಂದಿನ ಸ್ಟೂಲು

ನೆಲದಡಿ ಹೂತ ತೈಲದ ಪೈಪ್‌ಲೈನುಗಳ ಬಗ್ಗೆ ಜನಸಾಮಾನ್ಯರಿಗಿರುವ ಕಾಳಜಿ ತಮ್ಮ ಹೊಟ್ಟೆಯೊಳಗಿನ ಕರುಳಿನ ಬಗ್ಗೆ ಇರುವಷ್ಟೇ. ನೋವು ಬಂದ ದಿನ ಮಾತ್ರ ಅದು ಇದೆಯೆಂಬುದು ನೆನಪಾಗುತ್ತದೆ. ಆ ನೋವು ಬಾರದಂತೆ ನೋಡಿಕೊಳ್ಳುವವರು ಎಲ್ಲೋ ದೂರದ ಕಂಟ್ರೋಲ್ ರೂಮಿನಲ್ಲಿ ಪರದೆಗಳ ಮುಂದೆ ಕುಳಿತ ಕಂಟ್ರೋಲರುಗಳು. ಅವರು ದಣಿಯದೆ, ಗೊಂದಲಗೊಳ್ಳದೆ, ಹೆದರದೆ ಕೆಲಸ ಮಾಡುವ ಏರ್ಪಾಡು ಅಲ್ಲಿದೆಯೇ ಎಂದು ನೋಡುವುದು ನಮ್ಮ ಸುರಕ್ಷತಾ ಇಲಾಖೆಯ ಹೊಣೆ. ಈ ಕ್ಷೇತ್ರದಲ್ಲಿ ನಿಯಮಗಳನ್ನು ಬರೆದ ಪಂಡಿತರಿದ್ದಾರೆ, ಅವುಗಳ ಮೇಲೆ ಭಾಷಣ ಮಾಡಿದವರು ಅದಕ್ಕಿಂತ ಹೆಚ್ಚಿದ್ದಾರೆ. ಬರೆದದ್ದು ನಡೆಯುತ್ತಿದೆಯೇ ಎಂದು ಕಣ್ಣಾರೆ ಕುಳಿತು ನೋಡಿದವರು ಯಾರೆಂದರೆ, ಹಿರಿಯರಿಂದ ಕಿರಿಯರವರೆಗೆ ಎಲ್ಲರೂ ತೋರಿಸುವುದು ಇಂದು ನಿವೃತ್ತರಾಗುತ್ತಿರುವ ನಮ್ಮ ಮುಖ್ಯ ತಪಾಸಣಾಧಿಕಾರಿಗಳತ್ತ. ಇಲಾಖೆಯಲ್ಲಿ ಅವರು ಮೇಡಂ. ಕಂಪನಿಗಳ ಕ್ಯಾಂಟೀನುಗಳಲ್ಲಿ ಸ್ಟೂಲ್ ಮೇಡಂ.

ಎಂಜಿನಿಯರಿಂಗ್ ಪದವಿ ಮುಗಿಸಿ, ಮದುವೆಯ ಹೊಸತರಲ್ಲೇ ಅವರು ಕಿರಿಯ ಅಧಿಕಾರಿಯಾಗಿ ಇಲಾಖೆ ಸೇರಿದಾಗ ತಪಾಸಣೆಯೆಂದರೆ ಕಡತ ನೋಡುವುದು ಎಂದೇ ಅರ್ಥವಾಗಿತ್ತು. ಕಂಪನಿಯವರು ಸಭಾಕೊಠಡಿಯಲ್ಲಿ ಕಡತಗಳ ಜೊತೆಗೆ ಬಿಸ್ಕತ್ತನ್ನೂ ಜೋಡಿಸಿಡುತ್ತಿದ್ದರು; ಅಧಿಕಾರಿಗಳು ಎರಡಕ್ಕೂ ನ್ಯಾಯ ಸಲ್ಲಿಸಿ ಸಂಜೆಯೊಳಗೆ ಮನೆ ಸೇರುತ್ತಿದ್ದರು. ಮೇಡಂ ಅವರೂ ಒಂದು ಕಂಟ್ರೋಲ್ ರೂಮಿಗೆ ಹಾಗೆಯೇ ಎಲ್ಲವೂ ಸರಿಯಿದೆಯೆಂದು ಬರೆದುಕೊಟ್ಟರು. ಕೆಲವೇ ವಾರಗಳಲ್ಲಿ ಅಲ್ಲಿಂದ ನಡೆಯುತ್ತಿದ್ದ ಪೈಪ್‌ಲೈನು ಒಡೆಯಿತು. ಪರದೆಯ ಮೇಲೆ ಒತ್ತಡ ಕುಸಿಯುತ್ತಿದ್ದುದನ್ನು ಕಂಟ್ರೋಲರ್ ಕಂಡಿದ್ದರು, ಲೈನು ನಿಲ್ಲಿಸಲೇ ಎಂದು ಕೇಳಲು ಮೇಲಧಿಕಾರಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಮೇಲಧಿಕಾರಿಗಳು ಮೀಟಿಂಗಿನಲ್ಲಿ ಫೋನಿನ ರಿಸೀವರ್ ತೆಗೆದಿಟ್ಟು ಕುಳಿತಿದ್ದರು. ಅಷ್ಟರಲ್ಲಿ ಪಂಪ್‌ಹೌಸಿಗೆ ಬೆಂಕಿ ಹತ್ತಿ ಅಲ್ಲಿದ್ದ ಪಂಪ್ ಚಾಲಕರ ಎರಡೂ ಕೈ ಸುಟ್ಟವು. ಲೈನು ನಿಲ್ಲಿಸುವ ಪೂರ್ಣ ಅಧಿಕಾರ ಕಂಟ್ರೋಲರಿಗೆ ಇದೆಯೆಂಬ ವಾಕ್ಯ ಆ ಕಂಪನಿಯ ಕಡತದಲ್ಲಿ ದಪ್ಪಕ್ಷರದಲ್ಲೇ ಇತ್ತು. ಅದರ ಪಕ್ಕದಲ್ಲಿ ಮೇಡಂ ಹಾಕಿದ ಟಿಕ್ ಗುರುತೂ ಇತ್ತು. ಅವರು ಆಸ್ಪತ್ರೆಗೆ ಹೋಗಿ, ಗಂಡನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ ಪಂಪ್ ಚಾಲಕರ ಹೆಂಡತಿಯ ಪಕ್ಕದಲ್ಲಿ ಕುಳಿತು ಬಂದರು. ಆ ಮನೆಯೊಂದಿಗಿನ ಹೋಗುಬರುವಿಕೆ ಇಂದಿಗೂ ನಿಂತಿಲ್ಲ.

ಮುಂದಿನ ತಪಾಸಣೆಗೆ ಮೇಡಂ ಹೊರಟಾಗ ಕೈಯಲ್ಲಿ ಮಡಚುವ ಸ್ಟೂಲೊಂದಿತ್ತು. ಕಡತಗಳ ಕೊಠಡಿಯನ್ನು ದಾಟಿ ನೇರವಾಗಿ ಕಂಟ್ರೋಲ್ ರೂಮಿಗೆ ನಡೆದು, ಕಂಟ್ರೋಲರುಗಳ ಬೆನ್ನ ಹಿಂದೆ ಸ್ಟೂಲು ಹಾಕಿ, ಒಂದು ಶಿಫ್ಟಿನವರು ಕೆಲಸ ವಹಿಸಿಕೊಂಡಾಗಿನಿಂದ ಇನ್ನೊಂದು ಶಿಫ್ಟಿನವರಿಗೆ ಒಪ್ಪಿಸುವವರೆಗೆ ಕುಳಿತರು. ಮಾತಿಲ್ಲ, ಕಥೆಯಿಲ್ಲ. ಹೀಗೆ ಕುಳಿತೇ ಅವರು, ಹೊಸಬರು ಬರುವ ಮೊದಲೇ ಹಳಬರು ಬ್ಯಾಗು ಹೆಗಲಿಗೇರಿಸುವುದನ್ನು ಕಂಡರು. ಹೆಬ್ಬೆರಳೊಂದು ಪರದೆ ನೋಡದೆಯೇ ಅಲಾರಂಗಳನ್ನು ಒಂದರ ಹಿಂದೊಂದು ಬಾಯಿ ಮುಚ್ಚಿಸುವುದನ್ನು ಕಂಡರು. ಕಂಡದ್ದನ್ನೆಲ್ಲ ನೋಟಿಸಾಗಿ ಬರೆದರು. ಕಾನೂನು ಪರರಿಗೆ ಮಾತ್ರ ಎಂಬ ಭಾವನೆ ಅವರಲ್ಲಿ ಇರಲೇ ಇಲ್ಲ. ಕಂಟ್ರೋಲರುಗಳ ದಣಿವಿನ ನಿಯಮವನ್ನು ನಮ್ಮ ಇಲಾಖೆಯ ಜೀಪಿನ ಚಾಲಕರಿಗೂ ಅನ್ವಯಿಸಿ, "ನೀನು ಮಲಗಿ ಎದ್ದ ಮೇಲೇ ಹೊರಡೋದು, ಅಲ್ಲೀವರೆಗೆ ನಾನು ಪೇಪರ್ ಓದ್ತೀನಿ" ಎಂದು ಅತಿಥಿಗೃಹದ ಒಂದೇ ಮಂಚವನ್ನು ಅವರಿಗೆ ಬಿಟ್ಟುಕೊಟ್ಟದ್ದುಂಟು. ಮನೆಯಲ್ಲೂ ಇದೇ ಶಿಸ್ತು. ಅವರ ಅತ್ತೆಯವರು ನೆಂಟರಿಷ್ಟರ ಮುಂದೆ ಹೇಳುವ ಮಾತು ನಮ್ಮ ಕಚೇರಿಯವರಿಗೆಲ್ಲ ಬಾಯಿಪಾಠ: "ನನ್ನ ಸೊಸೆ ಹಿಂದೆ ನಿಂತ್ರೆ ಹಾಲೂ ಉಕ್ಕೋಕೆ ಹೆದರುತ್ತೆ."

ಮೇಡಂ ಅವರ ಕೀರ್ತಿಗೂ ಕಷ್ಟಕ್ಕೂ ಕಾರಣವಾದದ್ದು ಒಂದು ದೊಡ್ಡ ಕಂಪನಿಯ ಕಂಟ್ರೋಲ್ ರೂಮು. ಅಲ್ಲಿ ಕಂಟ್ರೋಲರುಗಳ ಬೆನ್ನ ಹಿಂದೆ, ನಾಲ್ಕು ಮೆಟ್ಟಿಲು ಎತ್ತರದಲ್ಲಿ, ಮ್ಯಾನೇಜರರ ಗಾಜಿನ ಕ್ಯಾಬಿನ್ ಇತ್ತು. ಸ್ಟೂಲಿನ ಮೇಲೆ ಕುಳಿತ ಮೇಡಂ ಒಂದು ವಿಚಿತ್ರವನ್ನು ಗಮನಿಸಿದರು. ಪರದೆಯಲ್ಲಿ ಏನಾದರೂ ಏರುಪೇರು ಕಂಡೊಡನೆ ಕಂಟ್ರೋಲರುಗಳ ಕೈ ಗುಂಡಿಯತ್ತ ಹೋಗುವ ಮೊದಲು ಕುತ್ತಿಗೆ ಹಿಂದಕ್ಕೆ ತಿರುಗುತ್ತಿತ್ತು. ಗಾಜಿನೊಳಗಿಂದ ಮ್ಯಾನೇಜರರು ತಲೆಯಾಡಿಸಿದರೆ ಒತ್ತುವುದು, ಕೈ ಅಡ್ಡ ಮಾಡಿದರೆ ಕಾಯುವುದು. ಯಾರೂ ಹೇಳಿಕೊಟ್ಟ ಪದ್ಧತಿಯಲ್ಲ; ಹಿರಿಯರಿಂದ ಕಿರಿಯರಿಗೆ ನೆಗಡಿ ಅಂಟಿದಂತೆ ಅಂಟಿಕೊಂಡು ಬಂದದ್ದು. ಮ್ಯಾನೇಜರರು ಊಟಕ್ಕೆ ಹೋದಾಗಲೂ ಆ ಕುತ್ತಿಗೆಗಳು ಖಾಲಿ ಕುರ್ಚಿಯ ಕಡೆಗೆ ತಿರುಗುತ್ತಿದ್ದವು. ಪಂಪ್‌ಹೌಸಿನ ಬೆಂಕಿಗೆ ಕಾರಣವಾದದ್ದು ಇದೇ ಕುತ್ತಿಗೆಯೆಂದು ಮೇಡಂ ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕಂಟ್ರೋಲರಿನ ಅಧಿಕಾರ ಕಾಗದದಲ್ಲಿದೆ, ಕೊಠಡಿಯಲ್ಲಿಲ್ಲ ಎಂದು ಅವರು ನೋಟಿಸು ಕೊಟ್ಟರು. ಕಂಪನಿಯ ವಕೀಲರು, ಕುತ್ತಿಗೆ ತಿರುಗಿಸುವುದು ಯಾವ ನಿಯಮದ ಉಲ್ಲಂಘನೆಯೆಂದು ದಯವಿಟ್ಟು ತಿಳಿಸಬೇಕೆಂದು ಸವಿನಯವಾಗಿ ಉತ್ತರಿಸಿದರು. ಜೊತೆಗೆ ಕಂಪನಿಯವರು, ಲೈನು ನಿಲ್ಲಿಸಲು ಯಾರನ್ನೂ ಕೇಳಬೇಕಾಗಿಲ್ಲ ಎಂದು ದೊಡ್ಡ ಫಲಕವೊಂದನ್ನು ಬರೆಸಿ ಗಾಜಿನ ಕ್ಯಾಬಿನ್ನಿಗೇ ತಗುಲಿಹಾಕಿದರು. ಅದನ್ನು ಓದಬೇಕಾದರೆ ಕಂಟ್ರೋಲರುಗಳು ಹಿಂದಕ್ಕೆ ತಿರುಗಬೇಕಿತ್ತು.

ಆ ಕೊಠಡಿಯ ಕಂಟ್ರೋಲರುಗಳಲ್ಲಿ ಒಬ್ಬರನ್ನು ಎಲ್ಲರೂ ಗೊಣಗಣ್ಣ ಎನ್ನುತ್ತಿದ್ದರು. ಅಲಾರಂಗಳ ಬಾಯಿ ಮುಚ್ಚಿಸುತ್ತಿದ್ದ ಆ ಹೆಬ್ಬೆರಳು ಇವರದೇ. ಮೇಡಂ ಅವರ ವರದಿಯಿಂದಾಗಿ ಮರುತರಬೇತಿಗೆ ಹೋಗಿ, ತಮ್ಮ ಅರ್ಧ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕುಳಿತು ಬಂದಿದ್ದರು. ಅಂದಿನಿಂದ ಮೇಡಂ ಎದುರಾದರೆ ಗೋಡೆಯನ್ನು ನೋಡುತ್ತ ನಡೆಯುತ್ತಿದ್ದರು. ಆದರೆ ಅನುಮಾನ ಬಂದರೆ ಯಾರನ್ನೂ ಕೇಳದೆ ಲೈನು ನಿಲ್ಲಿಸಬೇಕೆಂದು ಆ ಬೆಂಚಿನಲ್ಲಿ ಕಲಿತದ್ದನ್ನು ಮರೆಯಲಿಲ್ಲ. ಒಂದು ಮಧ್ಯಾಹ್ನ ಅವರ ಪರದೆಯಲ್ಲಿ ಒತ್ತಡ ಸರ್ರನೆ ಇಳಿಯಿತು. ಗೊಣಗಣ್ಣ ಹಿಂದೆ ತಿರುಗಲಿಲ್ಲ. ಗುಂಡಿ ಒತ್ತಿ ಲೈನು ನಿಲ್ಲಿಸಿದರು. ನೋಡಿದರೆ ಲೈನಿಗೆ ಏನೂ ಆಗಿರಲಿಲ್ಲ, ಒತ್ತಡ ಅಳೆಯುವ ಉಪಕರಣ ಕೆಟ್ಟಿತ್ತು. ಅಷ್ಟರಲ್ಲಿ ಆ ತೈಲವನ್ನೇ ನಂಬಿದ್ದ ಕಾರ್ಖಾನೆಯೊಂದು ತಣ್ಣಗಾಗಿ ಕುಳಿತಿತ್ತು. ಪರಿಶೀಲನೆ ಸಾಲದೆಂಬ ಕಾರಣ ಕೊಟ್ಟು ಕಂಪನಿಯವರು ಗೊಣಗಣ್ಣನನ್ನು ಕಂಟ್ರೋಲ್ ರೂಮಿನಿಂದ ತೆಗೆದು ಉಗ್ರಾಣಕ್ಕೆ ಹಾಕಿದರು, ವರ್ಷಾಂತ್ಯಕ್ಕೆ ಮನೆಗೆ ಕಳುಹಿಸುವ ಸೂಚನೆಯನ್ನೂ ಕೊಟ್ಟರು.

ಮೇಡಂ ಅವರಿಗೆ ಇದು ತಿಳಿದದ್ದು ಮುಂದಿನ ತಪಾಸಣೆಯಲ್ಲಿ. ಗೊಣಗಣ್ಣನ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ಕುತ್ತಿಗೆಗಳು ಮೊದಲಿಗಿಂತ ಬೇಗ ಬೇಗ ತಿರುಗುತ್ತಿದ್ದವು. ವಿಚಾರಿಸಿಕೊಂಡು ಅವರು ನೇರವಾಗಿ ಉಗ್ರಾಣಕ್ಕೆ ಹೋದರು. ಗೊಣಗಣ್ಣ ತುಕ್ಕು ಹಿಡಿದ ವಾಲ್ವುಗಳಿಗೆ ಚೀಟಿ ಅಂಟಿಸುತ್ತಿದ್ದರು.

"ನಿಮ್ಮ ಮಾತು ಕೇಳಿ ಕೆಟ್ಟೆ ಮೇಡಂ. ಹಿಂದೆ ನೋಡ್ಬೇಡಿ ಅಂದ್ರಿ, ನೋಡ್ಲಿಲ್ಲ. ಈಗ ಇವುಗಳ ಮುಖ ನೋಡ್ಕೊಂಡು ಕೂತಿದೀನಿ."

"ಮತ್ತೆ ಅಲ್ಲಿ ಕೂರಿಸಿದ್ರೆ, ಮತ್ತೆ ಹಾಗೇ ಆದ್ರೆ?"

ಗೊಣಗಣ್ಣ ಕೈಯಲ್ಲಿದ್ದ ಚೀಟಿಯನ್ನು ಅಂಟಿಸಿ ಮುಗಿಸಿದರು. "ನಿಲ್ಲಿಸ್ತೀನಿ. ಇನ್ನೇನ್ ಮಾಡ್ಲಿ? ಗೊಣಗಿಕೊಂಡಾದ್ರೂ ನಿಲ್ಲಿಸ್ತೀನಿ."

ಇಷ್ಟು ಕೇಳಿದ ಮೇಲೆ ಮೇಡಂ ಅವರಿಗೆ ನಿದ್ದೆ ಹತ್ತುವಂತಿರಲಿಲ್ಲ. ಸದುದ್ದೇಶದಿಂದ ಲೈನು ನಿಲ್ಲಿಸಿದವರನ್ನು ದಂಡಿಸಬಾರದೆಂದು ನಿಯಮದಲ್ಲಿ ಸ್ಪಷ್ಟವಾಗಿದೆ. ಈ ಒಬ್ಬರ ಕುರ್ಚಿ ಹೋದರೆ ಇನ್ನು ಆ ಕೊಠಡಿಯಲ್ಲಿ ಯಾರ ಕೈಯೂ ಗುಂಡಿಯ ಮೇಲೆ ಹೋಗುವುದಿಲ್ಲ. ಕಂಪನಿಯ ಮೇಲೆ ವಿಚಾರಣೆ ನಡೆಸಬೇಕೆಂದು ಅವರು ಬರೆದಾಗ ಅಂದಿನ ಇಲಾಖಾ ಮುಖ್ಯಸ್ಥರು ಕರೆದು ಬುದ್ಧಿ ಹೇಳಿದರು.

"ಲೈನು ಒಡೆದಿಲ್ಲ, ಯಾರಿಗೂ ಏನೂ ಆಗಿಲ್ಲ. ಸುಳ್ಳು ಅಲಾರಮ್ಮಿಗೆ ಇಷ್ಟು ದೊಡ್ಡವರ ಜೊತೆ ಯಾಕಮ್ಮ ಜಗಳ?"

"ನಿಜವಾದ ಅಲಾರಂ ಬಂದ ದಿನ ಜಗಳ ಆಡೋಕೆ ಟೈಮಿರಲ್ಲ ಸರ್."

"ಸೋತ್ರೆ ಬಡ್ತಿ ಮರೆತುಬಿಡು."

ಮನೆಯಲ್ಲಿ ತಟ್ಟೆಯ ಮುಂದೆ ಉಣ್ಣದೆ ಕುಳಿತಿದ್ದ ಸೊಸೆಯ ಬಾಯಿಂದ ಅತ್ತೆಯವರು ವಿಷಯ ಹೊರಡಿಸಿದರು. "ಸೋತ್ರೆ ಬಡ್ತಿ ಇಲ್ಲ. ಸುಮ್ಮನಿದ್ರೆ?" ಎಂದು ಕೇಳಿದರು. ಸೊಸೆಗೆ ಪಂಪ್ ಚಾಲಕರ ಕೈಗಳು ನೆನಪಾದವು. ಅತ್ತೆಯವರು ತಟ್ಟೆಯನ್ನು ಹತ್ತಿರಕ್ಕೆ ತಳ್ಳಿ, "ತಣ್ಣಗಾಗ್ತಿದೆ, ತಿನ್ನು. ಹೊಟ್ಟೆ ತುಂಬಿಸ್ಕೊಂಡು ಹೋಗಿ ಜಗಳ ಆಡು" ಎಂದರು.

ಮೇಡಂ ಪಟ್ಟು ಬಿಡಲಿಲ್ಲ; ಕೊನೆಗೆ ನಡೆದ ವಿಚಾರಣೆಯ ದಿನ ಕಂಪನಿಯ ವಕೀಲರು ಬಹಳ ಸೊಗಸಾಗಿ ಮಾತಾಡಿದರು. ನೌಕರನನ್ನು ದಂಡಿಸಿದ್ದು ಲೈನು ನಿಲ್ಲಿಸಿದ್ದಕ್ಕಲ್ಲ, ನಿಲ್ಲಿಸುವ ಮೊದಲು ತನ್ನ ಹಿಂದೆಯೇ ಇದ್ದ ಅನುಭವಿ ಮ್ಯಾನೇಜರರ ಕಡೆಗೆ ಒಮ್ಮೆಯಾದರೂ ನೋಡದೆ ಇದ್ದದ್ದಕ್ಕೆ; ಅದು ದುಡುಕು, ಅದಕ್ಕೆ ನಿಯಮದ ರಕ್ಷಣೆಯಿಲ್ಲ ಎಂದು ವಾದಿಸಿದರು. ಕೇಳುತ್ತಿದ್ದವರಲ್ಲಿ ಹಲವರು ತಲೆದೂಗಿದರು. ಮೇಡಂ ಎದ್ದು ಮ್ಯಾನೇಜರರನ್ನು ಪ್ರಶ್ನಿಸಲು ವಿಚಾರಣಾಧಿಕಾರಿಗಳ ಅನುಮತಿ ಕೇಳಿದರು. ಮ್ಯಾನೇಜರರು ಕೆಟ್ಟವರಲ್ಲ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ಅವತ್ತು ಅವರು ತಿರುಗಿ ನೋಡಿದ್ರೆ ನೀವು ಏನ್ ಮಾಡ್ತಿದ್ರಿ?"

"ಕೈ ಅಡ್ಡ ಮಾಡ್ತಿದ್ದೆ. ಸ್ವಲ್ಪ ತಡಿ ಅಂತ."

"ಯಾವ ಪರದೆ ನೋಡಿ ಹಾಗೆ ಹೇಳ್ತಿದ್ರಿ?"

ವಕೀಲರು ಮ್ಯಾನೇಜರರ ಕಡೆ ನೋಡಿದರು. ಮ್ಯಾನೇಜರರು ವಕೀಲರ ಕಡೆ ನೋಡಲಿಲ್ಲ.

"ನನ್ನ ಕ್ಯಾಬಿನ್ನಲ್ಲಿ ಪರದೆ ಇಲ್ಲ ಮೇಡಂ. ಇಷ್ಟು ವರ್ಷ ಅವರ ಮುಖ ನೋಡೇ ಹೇಳ್ತಿದ್ದೆ."

ಆಮೇಲೆ ವಕೀಲರಿಗೆ ಹೇಳಲು ಹೆಚ್ಚೇನೂ ಉಳಿಯಲಿಲ್ಲ. ಪರದೆ ಕಂಡವನು ಪರದೆ ಕಾಣದವನನ್ನು ಕೇಳಿ ಕೆಲಸ ಮಾಡಬೇಕೆಂಬುದು ಸುರಕ್ಷತೆಯ ಪದ್ಧತಿಯಾಗಲಾರದೆಂದು ಆದೇಶವಾಯಿತು. ಗೊಣಗಣ್ಣ ತಮ್ಮ ಕುರ್ಚಿಗೆ ಮರಳಿದರು. ಕಂಪನಿಗೆ ದಂಡ ಬಿತ್ತು. ಕ್ಯಾಬಿನ್ನನ್ನು ಕಂಟ್ರೋಲ್ ರೂಮಿನಿಂದ ತೆಗೆಯಬೇಕೆಂಬ ನಿರ್ದೇಶನ ಹೊರಟಿತು. ಗಾಜು ಕಳಚುವ ದಿನ ಮ್ಯಾನೇಜರರೇ ಮುಂದೆ ನಿಂತು ಫಲಕವನ್ನು ಇಳಿಸಿ, ಪರದೆಗಳ ಮೇಲ್ಗಡೆ, ಕಂಟ್ರೋಲರುಗಳ ಕಣ್ಣೆದುರಿಗೆ ಹಾಕಿಸಿದರು. ಮುಂದೆ ನಿಯಮಾವಳಿ ಪರಿಷ್ಕರಣೆಯಾದಾಗ, ಕಂಟ್ರೋಲರುಗಳ ದೃಷ್ಟಿಗೆ ಬೀಳುವಂತೆ ಮೇಲಧಿಕಾರಿಗಳ ಆಸನ ಇರಕೂಡದೆಂಬ ಸಾಲು ಸೇರಿತು. ಬಡ್ತಿ ಬಂದದ್ದು ತಡವಾಗಿ; ಅದರ ಬಗ್ಗೆ ಮೇಡಂ ಆಡದ ಮಾತನ್ನು ನಾವು ಆಡುವುದಾದರೆ, ಆ ತಡ ಇಲಾಖೆಗೆ ಶೋಭೆ ತರುವಂಥದ್ದಾಗಿರಲಿಲ್ಲ.

ಕಳೆದ ತಿಂಗಳು, ವಿದಾಯ ಹೇಳುವ ನೆಪದಲ್ಲಿ, ಅವರು ಅದೇ ಕಂಟ್ರೋಲ್ ರೂಮಿಗೆ ಹೋಗಿದ್ದರು. ಶಿಫ್ಟು ನಡುವಿನಲ್ಲಿತ್ತು. ಸದ್ದಾಗದಂತೆ ಸ್ಟೂಲು ಬಿಡಿಸಿ ಕುಳಿತರು. ಗೊಣಗಣ್ಣ ಈಗ ಅಲ್ಲಿ ತರಬೇತಿ ಕೊಡುವ ಹಿರಿಯರು. ಬಾಗಿಲ ಬಳಿ ನಿಂತು ಮೇಡಂ ಅವರಿಗೆ ಕಣ್ಣಲ್ಲೇ ನಮಸ್ಕಾರ ಮಾಡಿದರು. ಅವರ ಕೈಯಲ್ಲಿ ಪಳಗಿದ ಕಂಟ್ರೋಲರ್ ಹುಡುಗಿಯೊಬ್ಬಳು ಮುಂದಿನ ಕುರ್ಚಿಯಲ್ಲಿದ್ದಳು. ಇದ್ದಕ್ಕಿದ್ದಂತೆ ಅವಳ ಪರದೆಯಲ್ಲಿ ಒತ್ತಡ ಇಳಿಯತೊಡಗಿತು. ಮೇಡಂ ಪರದೆಯನ್ನು ನೋಡಲಿಲ್ಲ, ಅವಳ ಕುತ್ತಿಗೆಯನ್ನು ನೋಡುತ್ತಿದ್ದರು. ಕುತ್ತಿಗೆ ಅಲುಗಲಿಲ್ಲ. ಹುಡುಗಿ ಗುಂಡಿ ಒತ್ತಿದಳು, ಲೈನು ನಿಂತಿತು, ಫೋನೆತ್ತಿ ಪಂಪ್‌ಹೌಸಿನವರಿಗೆ ದೂರ ಹೋಗಲು ಹೇಳಿದಳು, ಆಮೇಲೆ ಮೇಲಿನವರಿಗೆ ತಿಳಿಸಿದಳು. ಈ ಸಲವೂ ಕೆಟ್ಟದ್ದು ಉಪಕರಣವೇ. ಯಾರೂ ಅವಳನ್ನು ಯಾಕೆಂದು ಕೇಳಲಿಲ್ಲ. "ಇನ್ನು ಲೈನು ಶುರು ಮಾಡೋ ಕೆಲಸ ನಂಗೇ ಬರುತ್ತೆ" ಎಂದು ಗೊಣಗಣ್ಣ ಪದ್ಧತಿಯಂತೆ ಗೊಣಗಿ, ಅವಳಿಗೊಂದು ಚಹಾ ತರಿಸಿದರು.

ಗಲಾಟೆಯೆಲ್ಲ ಮುಗಿದ ಮೇಲೆ, ಸ್ಟೂಲ್ ಮೇಡಂ ಹಿಂದೆ ಕೂತಿರುವಾಗ ಹೆದರಿಕೆಯಾಗಲಿಲ್ಲವೇ ಎಂದು ಪಕ್ಕದವರು ಅವಳನ್ನು ಕೇಳಿದರು.

"ಮೇಡಂ ಬಂದಿದ್ರಾ?" ಎಂದಳು ಹುಡುಗಿ. "ನಾನು ನೋಡ್ಲೇ ಇಲ್ಲ."

ಜೀಪಿನಲ್ಲಿ ಮರಳುವಾಗ ಮೇಡಂ ಈ ಮಾತನ್ನು ಚಾಲಕರಿಗೆ ಮತ್ತೆ ಮತ್ತೆ ಹೇಳಿ ನಕ್ಕರಂತೆ, ನಗುತ್ತಲೇ ಕಣ್ಣೊರೆಸಿಕೊಂಡರಂತೆ. ಇಷ್ಟು ವರ್ಷ ಅವರ ಜೊತೆ ಓಡಾಡಿದ ಆ ಚಾಲಕರು, ಇಂಥ ಸಂತೋಷವನ್ನು ಅವರ ಮುಖದಲ್ಲಿ ಬಡ್ತಿಯ ದಿನವೂ ಕಂಡಿರಲಿಲ್ಲವೆಂದು ನಮಗೆ ಹೇಳಿದರು.

ಹೊಸ ತಪಾಸಣಾಧಿಕಾರಿಗಳಿಗಾಗಿ ಮೇಡಂ ಬರೆಯಲು ಹಿಡಿದಿರುವ ಕೈಪಿಡಿ ಬೇಗ ನಮ್ಮ ಕೈ ಸೇರಲಿ. ಅತ್ತೆಯವರ ನೆರಳು, ಮನೆಯವರ ಪ್ರೀತಿ, ಗಟ್ಟಿಮುಟ್ಟಾದ ಆರೋಗ್ಯ ಅವರಿಗೆ ಬಹುಕಾಲ ಇರಲಿ. ಆಯುಷ್ಯ ನೂರು ತುಂಬಲಿ. ಬೇಸರವಾದ ದಿನ ಆ ಸ್ಟೂಲನ್ನು ಹಿಡಿದುಕೊಂಡು, ಹೇಳದೆ ಕೇಳದೆ, ನಮ್ಮ ಕಚೇರಿಗೆ ಬಂದು ನಮ್ಮ ಬೆನ್ನ ಹಿಂದೆ ಕೂರಲಿ. ನಾವು ತಿರುಗಿ ನೋಡುವುದಿಲ್ಲ.