ವನಜತ್ತೆಗೆ ಒಳ್ಳೆ ಗಾಳಿ ನೋಡಲು ಹೋದದ್ದು

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬೇ ಏರಿಯಾದ ನಮ್ಮ ಊರು, ಕೊಲ್ಲಿಯ ಪಕ್ಕದ ಯೂನಿಯನ್ ಸಿಟಿ ಬಿಟ್ಟೆವು. ಸಿಯೆರಾ ಬೆಟ್ಟದಲ್ಲಿ ಮಾರಾಟಕ್ಕಿದ್ದ ಮನೆಗೆ ನೂರೈವತ್ತು ಮೈಲಿ. ವನಜತ್ತೆಯ ಆಸ್ತಮಾಕ್ಕೆ ಶುದ್ಧ ಗಾಳಿ ಬೇಕೆಂದು ಮಾವ ಅದನ್ನು ಆರಿಸಿದ್ದರು. ಅತ್ತೆ ಹೂಂ ಅಂದರೆ ಅಂದೇ ಸಹಿ, ಇಲ್ಲಿಯ ಮನೆ ಮಾರಾಟ. ನಾನು ಹೋದದ್ದು ಡ್ರೈವ್ ಮಾಡಲು ಮತ್ತು, ಅತ್ತೆಯ ಮಾತಿನಲ್ಲಿ, ಕೋತಿಚೇಷ್ಟೆಗೆ.

ಫ್ರೀವೇ ಉದ್ದಕ್ಕೂ ಮನೆ ತೋರಿಸಲಿದ್ದ, ನಮ್ಮ ಹಾಸನದ ಕಡೆಯ ಏಜೆಂಟನ ದನಿ ತೆಗೆದೆ: "ಗಾಳಿ ಅಂದ್ರೆ ಗಾಳಿ ಮೇಡಂ, ಬಾಟ್ಲಿಗೆ ತುಂಬಿ ಮಾರ್ಬೋದು!"

ಅತ್ತೆ ನಗಲಿಲ್ಲ. "ಅಷ್ಟು ಚೆನ್ನಾಗಿದ್ರೆ ಅವ್ನ್ಯಾಕೋ ಬೆಟ್ಟ ಬಿಟ್ಟು ಇಲ್ಲೇ ಡ್ಯಾನ್‌ವಿಲ್‌ನಲ್ಲಿದಾನೆ?"

"ಎಲ್ಲಾದಕ್ಕೂ ಡೌಟು ನಿಂಗೆ," ಅಂದರು ಮಾವ.

"ಮೂವತ್ತು ವರ್ಷ ನಿಮ್ ಜೊತೆ ಸಂಸಾರ ಮಾಡಿದೀನಲ್ಲ, ಬಂದ್ಬಿಟ್ಟಿದೆ."

ಕಣಿವೆಯಲ್ಲಿ ಸುಡುಬಿಸಿಲು. ರೆಸ್ಟ್ ಏರಿಯಾದಲ್ಲಿ ಚಿತ್ರಾನ್ನ ತಿಂದು ಬೆಟ್ಟ ಹತ್ತಿದಾಗ ಹನ್ನೆರಡು ದಾಟಿತ್ತು. ಏಜೆಂಟ್ ಅಡುಗೆಮನೆ ತೋರಿಸಲು ಬಾಗಿಲು ತೆರೆದು ನಿಂತಿದ್ದ. ಅತ್ತೆ ಅವನನ್ನು ದಾಟಿ ಹಿತ್ತಲಿನ ಪೈನ್ ಮರಗಳತ್ತ ನಡೆದರು. ಮಂಡ್ಯದ ಕಬ್ಬು ಬೆಳೆಯುವ ಮನೆಯವರು. ಅವರಿಗೆ ಗೋಡೆಗಿಂತ ಗಿಡ ಮೊದಲು.

ಕೊಂಬೆಯೊಂದನ್ನು ಬಗ್ಗಿಸಿದರು. ತುದಿಯಲ್ಲಷ್ಟೇ ಹಸಿರು ಕುಚ್ಚು. ಅದರ ಹಿಂದಿನ ಸೂಜಿಯೆಲೆಗಳ ಮೇಲೆ ಹಳದಿ ಚುಕ್ಕೆ. ಅದಕ್ಕೂ ಹಿಂದೆ ಬರೀ ಬೋಳು.

"ಪೈನು ಎಲೆ ಉದುರಿಸುತ್ತೆ ಮೇಡಂ," ಅಂದ ಏಜೆಂಟ್.

"ಹಳೇದನ್ನ ಉದುರಿಸ್ಲಿ. ಇದರಲ್ಲಿ ಹೋದ ವರ್ಷದ್ದೇ ಉದುರೋಕೆ ಬಂದಿದೆಯಲ್ಲಪ್ಪ." ಕಬ್ಬಿನ ಗೆಣ್ಣು ಎಣಿಸುವಂತೆ ಕೊಂಬೆಯ ವರ್ಷದ ಗುರುತುಗಳನ್ನು ಬೆರಳಲ್ಲಿ ಮುಟ್ಟಿ ತೋರಿಸಿದರು. "ಹುಳ ಇಲ್ಲ. ನೀರೂ ಇದೆ. ಏನ್ ಹೊಡೆದಿದೀರಿ ಇದಕ್ಕೆ?"

ನಾನು ಪತ್ತೇದಾರನಂತೆ ತೊಗಟೆ ಮೂಸಿದೆ. ಮೂಗಿಗೆ ಅಂಟು ಮೆತ್ತಿದ್ದಷ್ಟೇ ಲಾಭ.

ಬೇಲಿಯಾಚೆ ಪಕ್ಕದ ಮನೆಯ ಅಜ್ಜಿ ನೋಡುತ್ತಿದ್ದಳು. ಕಾಡಿನ ಮರಗಳ ಆರೋಗ್ಯ ನೋಡುವ ಕೆಲಸ ಮಾಡಿ ನಿವೃತ್ತಳಾದವಳು. ಅತ್ತೆಯ ಕೈಯಲ್ಲಿದ್ದ ಕೊಂಬೆ ನೋಡಿ "ಓಝೋನ್" ಅಂದಳು. ಆಕಾಶದ ಮೇಲಿದ್ದರೆ ಅದು ನಮಗೆ ಕೊಡೆಯಂತೆ, ನೆಲದ ಬಳಿಯಿದ್ದರೆ ಎಲೆಗೂ ಉಸಿರಿಗೂ ವಿಷವಂತೆ. ಕಾರುಗಳ ಹೊಗೆ ಬಿಸಿಲಲ್ಲಿ ಬೆಂದು ಅದಾಗುತ್ತದೆ, ಪಶ್ಚಿಮದ ಗಾಳಿ ಅದನ್ನು ಬೆಟ್ಟಕ್ಕೆ ತಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ತಾನೂ ಹೊರಗೆ ಓಡಾಡುವುದಿಲ್ಲ ಎಂದಳು.

"ನೀವೆಲ್ಲಿಂದ?"

"ಬೇ ಏರಿಯಾ," ಅಂದರು ಮಾವ.

"ಹಾಗಾದರೆ ನಿಮ್ಮ ಹೊಗೆ ನಿಮಗಿಂತ ಮೊದಲೇ ಬಂದು ಸೇರಿದೆ."

ಅತ್ತೆ ಚೀಲದಿಂದ ಇನ್‌ಹೇಲರ್ ತೆಗೆದರು. ಅದರ 'ಫುಸ್' ಸದ್ದನ್ನು ಅನುಕರಿಸಿ ಮನೆಮಂದಿಯನ್ನೆಲ್ಲ ನಗಿಸುವವನು ನಾನು. ಅಂದು ಕಾರಿನಿಂದ ನೀರಿನ ಬಾಟಲಿ ತಂದುಕೊಟ್ಟೆ. ಮಾವ ಸಹಿಗೆಂದು ತೆಗೆದಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

ಸಂಜೆ ಮನೆ ಸೇರಿದಾಗ ಕೊಲ್ಲಿಯ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ಅತ್ತೆ ಬಾಲ್ಕನಿಯಲ್ಲಿ ನಿಂತು ಆರಾಮಾಗಿ ಉಸಿರೆಳೆದರು.

"ಇಲ್ಲೇ ಚೆನ್ನಾಗಿದೆ ಕಣೇ," ಅಂದರು ಮಾವ.

ಅತ್ತೆ ಬೆಟ್ಟದಿಂದ ತಂದಿದ್ದ ಪೈನ್ ಕುಚ್ಚನ್ನು ಕಟಕಟೆಯ ಮೇಲೆ ಗಾಳಿಗೆ ಎತ್ತಿ ಹಿಡಿದರು. ಅದರ ಸೂಜಿಗಳು ಫ್ರೀವೇಯ ಹೊಗೆಯ ಜೊತೆಗೇ, ನಾವು ಬಂದ ಬೆಟ್ಟದ ದಿಕ್ಕಿಗೆ ವಾಲಿದ್ದವು.