ಅತ್ತಿಗೆಯ ಅಪಶಕುನದ ಬಾಯಿ

ಕಳೆದ ಭಾನುವಾರ ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ ನಮ್ಮಣ್ಣನ ಹೊಸ ಮನೆಗೆ ಪೂಜೆ ಇತ್ತು. ಒಳಗೆ ಮಲಗಲು ಹಲಗೆ ಇದೆ, ಸ್ಟೌ ಇಡಲು ಕಟ್ಟೆ ಇದೆ, ಕಿಟಕಿಗೆ ಹೂವಿನ ಪರದೆ ಇದೆ. ಅಡಿಯಲ್ಲಿ ನಾಲ್ಕು ಚಕ್ರಗಳೂ ಇವೆ. ನಾನು ಹೋದ ಹೊತ್ತಿಗೆ ಮೂರೇ ಇದ್ದವು. ನಾಲ್ಕನೆಯದನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು.

ಗಾಬರಿಯಾಗಬೇಡಿ, ನಮ್ಮಣ್ಣ ನಾರಾಯಣಸ್ವಾಮಿ ರಾತ್ರೋರಾತ್ರಿ ಸಾಹುಕಾರನಾಗಿಲ್ಲ. ಅದು ಅವನ ಹಳೇ ಮೆಟಡೋರ್ ವ್ಯಾನು. ಬೇತಮಂಗಲದ ಕಡೆಯ ಹಳ್ಳಿಗಳಿಂದ ಬಂಗಾರಪೇಟೆಗೆ ವರ್ಷಗಟ್ಟಲೆ ಹಾಲಿನ ಕ್ಯಾನು ಹೊತ್ತ ಗಾಡಿ. ಹಾಲಿಗೆ ಬೇರೆ ಗಾಡಿ ಬಂದ ಮೇಲೆ ಇದನ್ನು ಗುಜರಿಗೆ ಹಾಕಲು ಅವನಿಗೆ ಮನಸ್ಸೇ ಬರಲಿಲ್ಲ. (ಹೆಂಡತಿಯ ಹಳೇ ರೇಷ್ಮೆ ಸೀರೆಯನ್ನು ಪಾತ್ರೆಯವಳಿಗೆ ಹಾಕು ಅನ್ನಲು ಎರಡು ಸಲ ಯೋಚಿಸದ ಮನುಷ್ಯ!) ಈಗಲೂ ಬಾಗಿಲು ತೆಗೆದರೆ ಒಡೆದ ಹಾಲಿನ ವಾಸನೆ ಮೂಗಿಗೆ ಬಡಿಯುತ್ತದೆ. ಅಮ್ಮ ಒಳಗೆ ಸಾಂಬ್ರಾಣಿ ಹಾಕಿದಳು. ಈಗ ಸಾಂಬ್ರಾಣಿ ಹಾಕಿದ ಒಡೆದ ಹಾಲಿನ ವಾಸನೆ.

ಯಾಕಪ್ಪಾ ಇಷ್ಟೆಲ್ಲ ಅಂತೀರಾ? ನಮ್ಮಮ್ಮ ಸಮುದ್ರ ನೋಡಬೇಕು.

ಹೊಲ, ಎಮ್ಮೆ, ಕೆರೆ ಏರಿ, ಇಷ್ಟರಲ್ಲೇ ಜೀವ ಸವೆಸಿದವಳು. ರಾಮೇಶ್ವರಕ್ಕೆ ಹೋಗಬೇಕು, ಸಮುದ್ರದಲ್ಲಿ ಒಂದು ಮುಳುಗು ಹಾಕಬೇಕು ಅನ್ನೋದು ಅವಳ ಹಳೇ ಆಸೆ. ಆದರೆ ಬಸ್ಸು ಆಗೋದಿಲ್ಲ. ಸೊಂಟ ನೋವು, ಕೂತಲ್ಲಿ ಕೂರಲಾರಳು. ಜೊತೆಗೆ ಗಳಿಗೆಗೊಮ್ಮೆ ಇಳಿಯಬೇಕು. (ಮುಚ್ಚಿಡೋದೇನು? ಆ ವಯಸ್ಸಿನ ಹೆಂಗಸರು ಯಾತ್ರೆ ಬೇಡ ಅನ್ನೋದು ಭಕ್ತಿ ಕಡಿಮೆಯಾಗಿ ಅಲ್ಲ, ಬಸ್ಸು ನಿಲ್ಲಿಸಪ್ಪಾ ಅಂತ ಕಂಡಕ್ಟರನ್ನು ಕೇಳಲು ನಾಚಿಕೆಯಾಗಿ.) ಹಾಗಾಗಿ ಅಣ್ಣ ಮನೆಯನ್ನೇ ಹೊರಡಿಸಿಬಿಡೋಣ ಅಂತ ತೀರ್ಮಾನಿಸಿದ. ಸಂಕ್ರಾಂತಿ ಕಳೆದ ಮೇಲೆ ಪ್ರಯಾಣ.

ಈಗ ನಮ್ಮತ್ತಿಗೆಯ ವಿಷಯಕ್ಕೆ ಬರುತ್ತೇನೆ.

ಅತ್ತಿಗೆ ಮುನಿರತ್ನಮ್ಮ ಹುಟ್ಟಿದ್ದು ಊರಿಗಾಂನ ಲೈನ್ ಮನೆಯಲ್ಲಿ, ಅಂದರೆ ಗಣಿ ಕೆಲಸಗಾರರ ಸಾಲುಮನೆಯಲ್ಲಿ. ಅವಳಪ್ಪ ಗಣಿಯೊಳಗೆ ಇಳಿಯುತ್ತಿದ್ದವರು. ನಮ್ಮದು ರಾಗಿ ಬೆಳೆಯೋ ಮನೆ. ಮದುವೆಯಾಗಿ ಮೊದಲ ದಿನ ನಮ್ಮ ಹಳ್ಳಿ ಮನೆಯೊಳಗೆ ಕಾಲಿಟ್ಟವಳು ದೇವರ ಗೂಡಿನತ್ತ ನೋಡಿದಳು. ದೀಪ ಉರಿಯುತ್ತಿತ್ತು, ಪಕ್ಕದಲ್ಲೇ ಬಟ್ಟೆ ತೂಗುತ್ತಿತ್ತು. ಹೊಸ ಮದುಮಗಳು ಎಲ್ಲರ ಎದುರಿಗೇ ಕೇಳಿದಳು, "ದೀಪ ಬಿದ್ರೆ?"

ಅಮ್ಮನಿಗೆ ಎದೆ ಧಸಕ್ಕೆಂದಿತು. ಮನೆ ತುಂಬಲು ಬಂದ ಸೊಸೆಯ ಬಾಯಲ್ಲಿ ಎಂಥ ಮಾತು! "ಬಿಡ್ತು ಅನ್ನಮ್ಮಾ, ಬಿಡ್ತು ಅನ್ನು!"

ಅತ್ತಿಗೆ ವಿಧೇಯಳಾಗಿ "ಬಿಡ್ತು" ಅಂದಳು. ಅಂದು, ದೀಪವನ್ನು ಆ ಕಡೆ ಸರಿಸಿದಳು.

ಅವತ್ತಿನಿಂದ, ಸಂಸಾರ ಊರಿಗಾಂಗೆ ಬಂದು ನೆಲೆಸಿದ ಮೇಲೂ, ಇವತ್ತಿನವರೆಗೂ ಇದೇ ಕತೆ. ತೊಟ್ಟಿಲು ಕಟ್ಟಿದರೆ "ಅಗ್ಗ ಸವ್ದಿದ್ರೆ?" ಮಕ್ಕಳು ಬಾವಿ ಕಡೆ ಹೊರಟರೆ "ಕಾಲು ಜಾರಿದ್ರೆ?" ಅವಳು ಕೇಳೋದು, ಅಮ್ಮ ಬಿಡ್ತು ಅನ್ನಿಸೋದು, ಅವಳು ಬಿಡ್ತು ಅಂದು ತನಗೆ ಬೇಕಾದ್ದನ್ನು ಮಾಡೋದು. ನೆಂಟರಿಷ್ಟರು ಅವಳಿಗೆ ಅಪಶಕುನದ ಬಾಯಿ ಅಂತ ಹೆಸರಿಟ್ಟರು. ನಾಮಕರಣ, ಸೀಮಂತಗಳಲ್ಲಿ ಅವಳನ್ನು ಅಡುಗೆಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು.

ಸರಿ, ಭಾನುವಾರ. ನೀರಿನ ಡ್ರಮ್ಮನ್ನು ಗಾಡಿಯ ಹೊಟ್ಟೆಗೆ ಕಟ್ಟಬೇಕು, ಒಳಗೊಂದು ನಲ್ಲಿ ಕೊಡಬೇಕು. ಅದಕ್ಕೆ ಹಿಂದಿನ ಚಕ್ರ ಬಿಚ್ಚಿ, ಜಾಕ್ ಕೊಟ್ಟು ಎತ್ತಿ, ಅಣ್ಣ ಅಡಿಗೆ ಹೋಗಿ ಬೋಲ್ಟು ಬಿಗಿಯಬೇಕು. ಅಮ್ಮ ಗಾಡಿಗೆ ಕುಂಕುಮ ಇಟ್ಟು, ಕರ್ಪೂರ ಹಚ್ಚಿ, ಇದ್ದ ಮೂರು ಚಕ್ರಗಳ ಬುಡದಲ್ಲಿ ಒಂದೊಂದು ನಿಂಬೆಹಣ್ಣು ಇಟ್ಟಿದ್ದಳು. ನಾನು ಹೊಸಿಲ ಮೇಲೆ ಕೂತು ಅವರೆಕಾಳು ಹಿಚುಕುತ್ತಿದ್ದೆ. ಅಣ್ಣ ಗೋಣಿಚೀಲ ಹಾಸಿ ಅಡಿಗೆ ತೂರಲು ಮಂಡಿಯೂರಿದ.

"ಜಾಕ್ ಜಾರಿದ್ರೆ?" ಅಂದಳು ಅತ್ತಿಗೆ.

"ಬಿಡ್ತು ಅನ್ನಮ್ಮಾ!" ಅಮ್ಮ ಕೂಗಿದಳು. "ಇನ್ನೂ ಕರ್ಪೂರ ಆರಿಲ್ಲ. ಗಂಡ ಗಾಡಿ ಅಡಿಗೆ ಓಗ್ತಾವ್ನೆ, ಏನ್ ಮಾತೂಂತ ಆಡ್ತೀಯ?"

"ಬಿಡ್ತು. ಆದ್ರೂ ಜಾರಿದ್ರೆ?"

"ಐದು ನಿಮಿಷದ ಕೆಲ್ಸ ಕಣೇ," ಅಂದ ಅಣ್ಣ. "ಎರಡು ಬೋಲ್ಟು. ಇಂಗ್ ಓಗಿ ಅಂಗ್ ಬತ್ತೀನಿ."

ಓದುಗರೇ, ಈ ಐದು ನಿಮಿಷದ ಕೆಲಸ ಅನ್ನೋದಿದೆಯಲ್ಲ, ಇದರ ಬಗ್ಗೆ ನನಗೆ ವಿಪರೀತ ಸಿಟ್ಟಿದೆ. ಗಂಡಸರು ಫ್ಯೂಸ್ ಹಾಕೋದು ಐದು ನಿಮಿಷದ ಕೆಲಸ. ಹೆಂಚು ಸರಿಮಾಡೋದು ಐದು ನಿಮಿಷದ ಕೆಲಸ. ಕೈ ಮುರಿದುಕೊಂಡು ಪುತ್ತೂರು ಕಟ್ಟು ಕಟ್ಟಿಸಿಕೊಂಡು ಎರಡು ತಿಂಗಳು ಮಲಗಿದವರನ್ನು ಕೇಳಿ ನೋಡಿ, ಏನು ಮಾಡ್ತಿದ್ರಿ ಅಂತ. ಐದು ನಿಮಿಷದ ಕೆಲಸ ಅಂತಲೇ ಹೇಳುತ್ತಾರೆ.

ಅತ್ತಿಗೆ ವಾದ ಮಾಡಲಿಲ್ಲ. ಸ್ಪ್ಯಾನರ್ ಎತ್ತಿ ಸೆರಗಿನ ತುದಿಗೆ ಕಟ್ಟಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಗಾಡಿ ಅಡಿಗೆ ಮರ ಇಕ್ಕೋವರ್ಗೂ ಕೊಡಲ್ಲ."

ಅಣ್ಣ ನನ್ನ ಕಡೆ ನೋಡಿದ. "ನೀನಾದ್ರೂ ಯೋಳೇ."

"ನಂಗೆ ಅವರೆಕಾಳಿದೆ," ಅಂದೆ. ಗಂಡ ಹೆಂಡಿರ ನಡುವೆ ಹೋಗೋಕೆ ನನಗೇನು ಹುಚ್ಚೇ?

ಹಿತ್ತಲಲ್ಲಿ ಬಚ್ಚಲ ಪಕ್ಕ ನೀರಿನ ಕೊಡಗಳನ್ನು ಇಡಲು ದಪ್ಪ ಮರದ ದಿಮ್ಮಿಗಳಿದ್ದವು. ಅತ್ತಿಗೆ ಕೊಡಗಳನ್ನು ಇಳಿಸಿ ಅವನ್ನು ಒಂದೊಂದಾಗಿ ಎಳೆದು ತಂದಳು. ಎರಡು ಉದ್ದಕ್ಕೆ, ಅವುಗಳ ಮೇಲೆ ಎರಡು ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಚಕ್ರ ಬಿಚ್ಚಿದ ಜಾಗದ ಪಕ್ಕ, ಗಾಡಿಯ ತಳದ ಕಬ್ಬಿಣದ ಚಾಸಿಗೆ ನಾಲ್ಕು ಬೆರಳು ಅಂತರ ಉಳಿಯುವ ಹಾಗೆ ಜೋಡಿಸಿದಳು. ಅಣ್ಣ ಗೊಣಗುತ್ತಲೇ ಕೈ ಹಾಕಿದ.

ಅಷ್ಟಕ್ಕೇ ಮುಗಿಯಿತೇ? "ಯಾರಾನಾ ಗಾಡಿ ಸ್ಟಾರ್ಟ್ ಮಾಡಿದ್ರೆ?"

"ಯಾರೇ ಮಾಡ್ತಾರೆ? ನಮ್ಮಮ್ಮನಾ?"

ಬೀಗದ ಕೈ ಕೂಡ ಸೆರಗಿಗೆ ಸೇರಿತು. ಆಮೇಲೆ "ಗಾಡಿ ಮುಂದಕ್ಕೆ ಉರುಳಿದ್ರೆ?" ಅಂತ ಚಕ್ರಗಳಿಗೆ ಕಲ್ಲು ಕೊಡಲು ಹೊರಟಳು. ಅಮ್ಮನಿಗೆ ಈಗ ನಿಜವಾಗಿಯೂ ಅವಮಾನವಾಯಿತು. "ನಿಂಬೆಣ್ಣು ಇಕ್ಕಿದೀನಲ್ಲ, ಕಾಣಲ್ವಾ?"

"ಇರ್ಲಿ ಅತ್ತೆ," ಅಂದಳು ಅತ್ತಿಗೆ. "ಅದೂ ಇರ್ಲಿ, ಇದೂ ಇರ್ಲಿ."

ಕಲ್ಲು ಕೊಟ್ಟಳು. ಸ್ಪ್ಯಾನರ್ ಕೊಟ್ಟಳು. ಅಣ್ಣ ಅಡಿಗೆ ಹೋದ. ಹೊರಗೆ ಅವನ ಕಾಲು ಮಾತ್ರ ಕಾಣುತ್ತಿತ್ತು. ಅತ್ತಿಗೆ ಬೇರೇನೂ ಕೆಲಸ ಮಾಡದೆ, ಆ ಕಾಲಿನ ಹತ್ತಿರ ಸುಮ್ಮನೆ ಕೂತಳು.

ಮುಂದಿನದು ಗಣಿ ಊರಿನವರಿಗೆ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುತ್ತೇನೆ. ಇಲ್ಲಿ ನೆಲದಾಳದಲ್ಲಿ ಆಗಾಗ ಬಂಡೆ ಸಿಡಿಯುತ್ತದೆ. ರಾಕ್‌ಬರ್ಸ್ಟ್ ಅನ್ನುತ್ತಾರೆ. ಮೇಲೆ ಊರೆಲ್ಲ ಗಡಗಡ ನಡುಗುತ್ತದೆ, ಪಾತ್ರೆ ಅಲುಗುತ್ತದೆ, ಗೋಡೆ ಬಿರಿಯುತ್ತದೆ. ಅಭ್ಯಾಸವಾದವರು ಪೇಪರಿನಿಂದ ತಲೆ ಕೂಡ ಎತ್ತುವುದಿಲ್ಲ. ನಮ್ಮಣ್ಣನಿಗೂ ಹಾಗೇ ಅಭ್ಯಾಸವಾಗಿತ್ತು. ಎಷ್ಟೆಂದರೆ, ನಡುಗುವ ನೆಲದ ಮೇಲೆ ಜಾಕ್ ನಿಲ್ಲಿಸಿ ತಾನು ಅದರಡಿ ಮಲಗುತ್ತಿದ್ದೇನೆ ಅನ್ನೋದೇ ಅವನಿಗೆ ಹೊಳೆದಿರಲಿಲ್ಲ.

ಮೊದಲು ಸದ್ದು ಬಂತು, ಕಾಲಡಿಯಿಂದ. ಧಡ್. ನನ್ನ ಮಡಿಲ ಮೊರದಲ್ಲಿದ್ದ ಅವರೆಕಾಳು ಕುಣಿಯಿತು. ಒಳಗೆ ತಟ್ಟೆಗಳು ಉರುಳಿದವು. ನೋಡುತ್ತಿದ್ದ ಹಾಗೇ ಜಾಕ್ ವಾಲಿತು, ಇನ್ನಷ್ಟು ವಾಲಿತು, ಹಾರಿ ಬಿತ್ತು. ಗಾಡಿ ಧಡಾರನೆ ಕುಸಿಯಿತು.

ಧೂಳು. ಅಣ್ಣನ ಕಾಲು ಅಲುಗಲಿಲ್ಲ.

ಅಮ್ಮ "ಅಯ್ಯೋ ದೇವುಡಾ!" ಅಂತ ಅಲ್ಲೇ ಕುಸಿದಳು. ಅಕ್ಕಪಕ್ಕದವರು ಓಡಿ ಬಂದರು, ನಾಲ್ಕೈದು ಜನ ಗಾಡಿ ಎತ್ತಲು ಕೈ ಹಾಕಿದರು. ಅತ್ತಿಗೆ ಗುಡುಗಿದಳು, "ಮುಟ್ಬೇಡಿ! ಯಾರೂ ಗಾಡಿ ಮುಟ್ಬೇಡಿ! ಮರದ ಮೇಲೆ ಕೂತೈತೆ!" ಹಾಗಂದವಳೇ ನೆಲಕ್ಕೆ ಬೋರಲು ಮಲಗಿ ಗಾಡಿಯಡಿಗೆ ಮುಖ ತೂರಿಸಿದಳು. ಭಯಕ್ಕೆ ಅವಳ ಬಾಯಿಗೆ ಬಂದದ್ದು ಲೈನ್ ಮನೆಯ ತಮಿಳು. "ಎನ್ನಂಗ! ವೆಳಿಯ ವಾಂಗ!"

ಏನ್ರೀ, ಆಚೆ ಬನ್ನಿ ಅಂತ. ಇಪ್ಪತ್ತು ವರ್ಷದಲ್ಲಿ ಗಂಡನ ಹತ್ತಿರ ಅವಳು ತಮಿಳಿನಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ಅಡಿಯಿಂದ ಅಣ್ಣನ ದನಿ. "ಬೋಲ್ಟು ಎಲ್ಲೋ ಬಿದ್ದೋಯ್ತು, ನೋಡೇ."

ನಾನು ಮೊರ ಕೆಳಗಿಟ್ಟು ಗಟ್ಟಿಯಾಗಿ ಅತ್ತುಬಿಟ್ಟೆ. ನಾಚಿಕೆಯೇನಿಲ್ಲ.

ಅವನು ತೆವಳಿಕೊಂಡು ಹೊರಗೆ ಬಂದ. ಸ್ಪ್ಯಾನರ್ ಬಡಿದು ಮೂಗಿನಲ್ಲಿ ರಕ್ತ, ಮೈಯೆಲ್ಲ ಮಣ್ಣು, ಅಷ್ಟೇ. ನಾನು ಬಗ್ಗಿ ನೋಡಿದೆ. ದಿಮ್ಮಿಗಳ ಮೇಲೆ ಗಾಡಿ ಭದ್ರವಾಗಿ ಕೂತಿತ್ತು. ಡ್ರಮ್ಮಿಗೂ ನೆಲಕ್ಕೂ ನಡುವೆ ಮಲಗಿದವನ ಎದೆ ಹಿಡಿಸುವಷ್ಟು ಜಾಗ ಉಳಿದಿತ್ತು. ಆ ದಿಮ್ಮಿ ಇಲ್ಲದಿದ್ದರೆ ಅದೂ ಉಳಿಯುತ್ತಿರಲಿಲ್ಲ. ಅಣ್ಣ ಹೋಗಿ ಅತ್ತಿಗೆಯ ಪಕ್ಕ ಕೂತ. ಅವಳು ಸೆರಗಿನಿಂದ ಬೀಗದ ಕೈ ಬಿಚ್ಚಿ ಅದೇ ಸೆರಗಿನಲ್ಲಿ ಅವನ ಮೂಗು ಒರೆಸಿದಳು.

ಈಗ ಕೇಳಿ ತಮಾಷೆ. ಬೀದಿಗೆ ಬೀದಿಯೇ ಸೇರಿತಲ್ಲ, ಅಮ್ಮ ಕಣ್ಣೊರೆಸಿಕೊಂಡು ಎಲ್ಲರಿಗೂ ಏನು ಹೇಳಿದಳು ಗೊತ್ತೇ? "ನಾನಿಕ್ಕಿದ ನಿಂಬೆಣ್ಣೇ ನನ್ ಮಗನ್ನ ಕಾಪಾಡ್ತು ಕಣ್ರಮ್ಮಾ!" ಎಲ್ಲರೂ ಹೌದು ಹೌದು ಅಂತ ಕೆನ್ನೆ ಕೆನ್ನೆ ಬಡಿದುಕೊಂಡರು. ಒಬ್ಬಾಕೆ ಆ ನಿಂಬೆಹಣ್ಣು ತನಗೊಂದು ಬೇಕು ಅಂತ ಕೇಳಿ ಇಸಿದುಕೊಂಡೂ ಹೋದಳು!

ನನಗೆ ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಗೆ ಹೋಗಿ ಅತ್ತಿಗೆಯನ್ನೇ ತರಾಟೆಗೆ ತಗೊಂಡೆ. "ನೀನು ಬಾಯಿ ಬಿಟ್ಟು ಹೇಳಬಾರದಾ? ಗಾಡಿ ನಿಂತಿರೋದು ನಿಂಬೆಹಣ್ಣಿನ ಮೇಲಾ?"

ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ ಅಂದಳು, "ಓಗ್ಲಿ ಬಿಡು. ನಮ್ಮಪ್ಪ ಶಿಫ್ಟಿಗೆ ಒರಟ್ರೆ ನಮ್ಮಮ್ಮ ಬಾಗ್ಲಲ್ಲಿ ನಿಂತ್ಕೊಂಡು ಒಂದೊಂದೇ ಕೇಳೋಳು. ಲೈಟ್ ಆರೋದ್ರೆ ಏನ್ ಮಾಡ್ತೀರ, ಮೇಲಿಂದ ಕಲ್ ಬಿದ್ರೆ ಎಲ್ಲಿ ನಿಂತ್ಕೊತೀರ, ಅಂತ. ಅಪ್ಪ ಎಲ್ಲಾದ್ಕೂ ಜವಾಬು ಯೋಳೇ ಓಗೋರು. ರಿಟೈರಾಗಿ ಮನೇಲಿ ಮೊಮ್ಮಕ್ಕಳ ಜೊತೆ ಆಡ್ಕೊಂಡು ಸತ್ರು. ನಮ್ಮಮ್ಮಂಗೆ ಯಾರೂ ಶಭಾಸ್ ಅನ್ಲಿಲ್ಲ. ಅಪ್ಪ ಮನೇಗ್ ಬತ್ತಿದ್ರಲ್ಲ, ಅಷ್ಟು ಸಾಕಾಗಿತ್ತು ಅವ್ಳಿಗೆ."

ನಾನು ತಟ್ಟೆ ಹಾಕಿದೆ.

ಯೋಚನೆ ಮಾಡಿ. ನಮ್ಮಲ್ಲಿ ಶುಭ ಹಾರೈಸುವುದಕ್ಕೆ ಎಷ್ಟು ಮಾತುಗಳಿವೆ! ಚೆನ್ನಾಗಿರಿ, ತಣ್ಣಗಿರಿ, ನೂರ್ಕಾಲ ಬಾಳಿ. ಕೆಡುಕಾದರೆ ಏನು ಮಾಡೋದು ಅಂತ ಕೇಳುವುದಕ್ಕೆ ಮಾತ್ರ ಮಾತೇ ಇಲ್ಲ. ಕೇಳಿದವರ ಬಾಯಿ ಮುಚ್ಚಿಸುವುದಕ್ಕೆ ಒಂದಿದೆ, ಬಿಡ್ತು. ಹಾಗಂದರೆ ಸಾಕು, ಹಗ್ಗ ಸವೆಯೋದಿಲ್ಲ, ಜಾಕ್ ಜಾರೋದಿಲ್ಲ, ಬೆಂಕಿ ಸುಡೋದಿಲ್ಲ! ಅಮ್ಮನ ನಂಬಿಕೆಯನ್ನು ನಾನು ಆಡಿಕೊಳ್ಳುತ್ತಿಲ್ಲ. ಅವಳು ಹೆದರಿದ್ದಕ್ಕೇ ತಾನೇ ನಿಂಬೆಹಣ್ಣು ಇಟ್ಟದ್ದು? ಅತ್ತಿಗೆಯೂ ಹೆದರಿದಳು. ಒಬ್ಬಳ ಹೆದರಿಕೆಗೆ ಪೂಜೆ ಅಂತ ಹೆಸರು, ಇನ್ನೊಬ್ಬಳದಕ್ಕೆ ಅಪಶಕುನ.

ಊಟ ಆಯಿತು. ಅಣ್ಣ ಸುಧಾರಿಸಿಕೊಂಡು ಗಾಡಿಯೊಳಗೆ ಸೀಮೆಎಣ್ಣೆ ಸ್ಟೌ ಕೂರಿಸಲು ಹೊರಟ. ಅತ್ತಿಗೆ ಪಾತ್ರೆ ತೊಳೆಯುತ್ತಿದ್ದಳು, ಹೊರಗೆ ಬರಲಿಲ್ಲ. ಅಮ್ಮ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಒಮ್ಮೆ ಗಾಡಿ ನೋಡಿದಳು, ಒಮ್ಮೆ ಅಡುಗೆಮನೆ ಕಡೆ ನೋಡಿದಳು. ಚಡಪಡಿಸಿದಳು. ಕೊನೆಗೆ ತಡೆಯಲಾರದೆ ಕೂಗಿದಳು, "ಏ ರತ್ನಾ! ಬಾರಮ್ಮಾ ಇಲ್ಲಿ. ಇವ್ನು ಸ್ಟೌ ಇಕ್ತಾವ್ನೆ. ಇದ್ಕೇನೂ ಕೇಳಲ್ವಾ?"

ಅತ್ತಿಗೆ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಅತ್ತೆಯ ಮುಖ ನೋಡಿದಳು. ನಂಬಿಕೆ ಬರಲಿಲ್ಲವೇನೋ, ಮೆಲ್ಲಗೆ ಕೇಳಿದಳು. "ಬಾಗ್ಲಾಕ್ಕೊಂಡು ಅಚ್ಚಿದ್ರೆ ಒಗೆ ಎಲ್ಲಿಗ್ ಓಗ್ಬೇಕು? ಉರೀತಿರೋವಾಗ ಗಾಡಿ ಅಲುಗಿ ಉರುಳಿದ್ರೆ?"

ಅಮ್ಮನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. ಮುಚ್ಚಿಕೊಂಡಿತು. ಆಮೇಲೆ ಮಗನ ಕಡೆ ತಿರುಗಿ, "ಜವಾಬು ಯೋಳ್ಲಾ," ಅಂದಳು.

ಅಣ್ಣ ಸ್ಟೌ ಕೆಳಗಿಳಿಸಿದ. ಅಡುಗೆಯೇನಿದ್ದರೂ ಗಾಡಿ ನಿಲ್ಲಿಸಿ, ಹೊರಗೆ ಮರದ ಕೆಳಗೆ ಮಾಡೋದು ಅಂತ ತೀರ್ಮಾನವಾಯಿತು. ಸಂಜೆ ನಾನು ಬಂಗಾರಪೇಟೆ ರೈಲಿಗೆ ಹೊರಟಾಗ ಅತ್ತೆ ಸೊಸೆ ಇಬ್ಬರೂ ಗಾಡಿಯೊಳಗೆ ಹಲಗೆ ಮೇಲೆ ಕೂತು ರಾಮೇಶ್ವರದ ಸಮುದ್ರವನ್ನೇ ಮಾತಾಡುತ್ತಿದ್ದರು. "ಅಲೆ ಜೋರಾಗಿದ್ರೆ?" ಅಂತ ಕೇಳಿದ್ದು ನನ್ನ ಕಿವಿಗೆ ಬಿತ್ತು. ಕೇಳಿದ್ದು ಅತ್ತಿಗೆಯಲ್ಲ, ಅಮ್ಮ.

ಒಳ್ಳೆಯದಾಗಲಿ ಅನ್ನೋರು ಊರು ತುಂಬ ಇದ್ದಾರೆ ಸ್ವಾಮಿ, ಕೆಟ್ಟದ್ದಾದರೆ ಅಂತ ಕೇಳೋರು ನಿಮ್ಮ ಮನೆಯಲ್ಲಿ ಯಾರಿದ್ದಾರೆ, ಅವರನ್ನು ಮಾತಾಡೋಕೆ ಬಿಟ್ಟಿದ್ದೀರಾ?