ನಾಲ್ಕನೇ ಲೈನಿನ ಮುಯ್ಯಾಳು

ಕೊರೊನಾ ಕಾಟ ಮುಗಿದ ಮರುವರ್ಷ ನಾನು ನಂಜನಗೂಡಿನ ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ ಎಚ್.ಆರ್. ಮ್ಯಾನೇಜರ್ ಆಗಿದ್ದೆ. ನೇಮಕ, ರಜೆ, ಶಿಸ್ತು, ದೂರು ಎಲ್ಲವೂ ನನ್ನ ಮೇಜಿಗೇ ಬರಬೇಕು. ಹುದ್ದೆ ದೊಡ್ಡದು, ಆದರೆ ಮಾತಿಗೊಂದು ನರಪಿಳ್ಳೆ ಇಲ್ಲ. ಆಡಳಿತದವರಿಗೆ ನಾನು ಕಾರ್ಮಿಕರ ಕಡೆಯವಳು, ಕಾರ್ಮಿಕರಿಗೆ ಆಡಳಿತದವಳು. ನಾನು ಕ್ಯಾಂಟೀನಿಗೆ ಕಾಲಿಟ್ಟರೆ ನಗು ನಿಂತುಹೋಗುತ್ತಿತ್ತು. ತಿ. ನರಸೀಪುರದ ಅರ್ಚಕರ ಮನೆಯ ಮಗಳು ನಾನು. ನಂಜನಗೂಡಿನ ಬಾಡಿಗೆ ಮನೆಗೆ ಹೋದರೂ ಒಬ್ಬಳೇ.

ಈ ಗೋಡೆಯನ್ನು ದಾಟಿ ಬಂದವರು ರಾಜಮ್ಮ ಒಬ್ಬರೇ. ಮೂಗೂರಿನವರು, ನಾಲ್ಕನೇ ಲೈನಿನ ಲೀಡರ್. ಲೈನ್ ಎಂದರೆ ಸಾಲಾಗಿ ಕೂತು ಒಂದೇ ಅಂಗಿಯ ಒಂದೊಂದು ಭಾಗ ಹೊಲಿಯುವ ಹೆಂಗಸರ ಗುಂಪು. ಒಂದು ಮಧ್ಯಾಹ್ನ ಅವರು ನನ್ನ ಡಬ್ಬಿಯನ್ನು ತಾವೇ ಎತ್ತಿಕೊಂಡು, "ಒಬ್ರೇ ಕುಂತ್ಕಂಡು ಅದೇನ್ ಉಣ್ತೀರಿ ಮೇಡಂ? ಬನ್ನಿ ಇತ್ಲಾಗೆ" ಎಂದರು. ಅಂದಿನಿಂದ ನನ್ನ ಊಟ ಅವರ ಜೊತೆ. ಸುಳ್ಳೇಕೆ ಹೇಳಲಿ, ಆ ಅರ್ಧ ಗಂಟೆಗಾಗಿಯೇ ನಾನು ಕೆಲಸಕ್ಕೆ ಹೋಗುತ್ತಿದ್ದೆ.

ಆ ವರ್ಷ ಹೆಡ್ ಆಫೀಸಿನಿಂದ ಒಂದು ಮೇಲ್ ಬಂತು. ಎಲ್ಲ ಲೈನುಗಳಲ್ಲೂ ಗೈರುಹಾಜರಿ ತಲೆನೋವಾಗಿರುವಾಗ ನಾಲ್ಕನೇ ಲೈನಿನಲ್ಲಿ ಮಾತ್ರ ಒಂದು ಮಿಷನ್ನೂ ಖಾಲಿ ಇರುವುದಿಲ್ಲ, ಕಾರಣ ತಿಳಿದು ವರದಿ ಕೊಡಿ ಎಂದು. ಊಟ ಮಾಡುತ್ತಾ ರಾಜಮ್ಮನನ್ನೇ ಕೇಳಿದೆ. ಅವರು ನಕ್ಕರು. "ಅದೇನ್ ಮಹಾ ಗುಟ್ಟು? ಮುಯ್ಯಾಳು ಕಣ್ರೀ ಮೇಡಂ."

ನಾಟಿ ಕಾಲದಲ್ಲಿ ಇಂದು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು ಎಂದು ದುಡಿಯುವುದು ನಮ್ಮ ಸೀಮೆಯ ಪದ್ಧತಿ. ಅದನ್ನೇ ಇವರು ಕಾರ್ಖಾನೆಗೆ ತಂದಿದ್ದರು. ಬೆಳಗಿನ ಪಾಳಿಯವಳಿಗೆ ಮನೆಯಲ್ಲಿ ತಾಪತ್ರಯ ಬಂದರೆ ಮಧ್ಯಾಹ್ನದ ಪಾಳಿಯವಳು ಅವಳ ಹಾಜರಿ ಕಾರ್ಡ್ ಹಾಕಿಕೊಂಡು ಬಂದು ಅವಳ ಮಿಷನ್ನಿಗೆ ಕೂರುತ್ತಿದ್ದಳು. ಆಮೇಲೆ ತನ್ನ ಪಾಳಿಯನ್ನೂ ಮುಗಿಸುತ್ತಿದ್ದಳು. ಇವಳಿಗೆ ಕಷ್ಟ ಬಂದಾಗ ಅವಳು ಬರುತ್ತಿದ್ದಳು. ಯಾರಿಗೆ ಯಾರು ಎಂದು ನಿಶ್ಚಯಿಸುವವರು ರಾಜಮ್ಮ. ನಮ್ಮ ರಜೆ ಆ್ಯಪ್‌ಗೆ ಮೂರು ದಿನ ಮೊದಲೇ ಅರ್ಜಿ ಹಾಕಬೇಕು. ಕಷ್ಟವೇನು ಮೂರು ದಿನ ಮೊದಲೇ ಹೇಳಿ ಬರುತ್ತದೆಯೇ?

ನನಗೆ ಹಿಗ್ಗೋ ಹಿಗ್ಗು. ಜನರನ್ನು ಹೇಗೆ ನಡೆಸಬೇಕೆಂದು ಊರೂರಿನ ತರಬೇತಿಗಳಲ್ಲಿ ಕಲಿಯದಿದ್ದ ಪಾಠ ಇಲ್ಲಿತ್ತು. ಎರಡು ದಿನ ಕೂತು ವರದಿ ಬರೆದೆ. ರಾಜಮ್ಮನಿಗೆ ಬಹುಮಾನ ಬರಲಿ ಎಂದು ಅವರ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದೆ. ಕಳಿಸುವ ಮುಂಚೆ ಅವರನ್ನು ಒಂದು ಮಾತು ಕೇಳಲಿಲ್ಲ. ಹೊಗಳುವುದಕ್ಕೆ ಅಪ್ಪಣೆ ಯಾಕೆ ಬೇಕು ಅನ್ನಿಸಿತ್ತು.

ವಾರದೊಳಗೆ ಉತ್ತರ ಬಂತು. ಇನ್ನೊಬ್ಬರ ಕಾರ್ಡಿನಲ್ಲಿ ಕೆಲಸ ಮಾಡುವುದು ವಂಚನೆ. ಸೂಜಿ ಬೆರಳಿಗೆ ನೆಟ್ಟರೆ ವಿಮೆ ಯಾರ ಹೆಸರಿನಲ್ಲಿ? ಎರಡೆರಡು ಪಾಳಿ ದುಡಿದವಳು ಕುಸಿದರೆ ಹೊಣೆ ಯಾರು? ಆ ಪ್ರಶ್ನೆಗಳು ತಪ್ಪಲ್ಲ, ನನಗೇ ಹೊಳೆಯಬೇಕಿತ್ತು. ರಾಜಮ್ಮನನ್ನು ವಜಾ ಮಾಡಿ ಎಂದಿತ್ತು. ಫೋನಿನಲ್ಲಿ ಗೋಗರೆದೆ. ತಪ್ಪು ನನ್ನದು, ನನಗೆ ಶಿಕ್ಷೆ ಕೊಡಿ ಎಂದು ಬರೆದೆ. ಆದರೆ ರಾಜೀನಾಮೆ ಬರೆಯಲಿಲ್ಲ. ಅಷ್ಟು ಗಟ್ಟಿಗಿತ್ತಿ ನಾನಲ್ಲ.

ಪತ್ರ ಕೊಟ್ಟವಳೂ ನಾನೇ. ರಾಜಮ್ಮ ಅದನ್ನು ಎರಡು ಸಲ ಓದಿದರು. ಬೈಯಲಿ ಎಂದು ಕಾದೆ.

"ನಮ್ಮೋರು ಅಂತ ಏಳ್ದೆ ಮೇಡಂ. ಬರೀತೀರಿ ಅಂತ ಗೊತ್ತಾಗ್ನಿಲ್ಲ" ಎಂದರು. ಬಾಗಿಲ ಬಳಿ ತಿರುಗಿ ನಿಂತು, "ನಮ್ಮ ಲೈನಿನ ಕವಲಂದೆ ಪುಟ್ಟಗೌರಿ ಮಗಳಿಗೆ ದಿನ ತುಂಬ್ಯದೆ. ಪುಟ್ಟಗೌರಿ ಮಿಷನ್ಗೆ ಯಾರಾದ್ರೂ ಬೇಕಾಯ್ತದೆ, ನೋಡ್ಕಳಿ" ಎಂದು ಹೋದರು. ನಾನು ಬಾಗಿಲು ಹಾಕಿಕೊಂಡು ಅತ್ತೆ.

ನಾಲ್ಕನೇ ದಿನ ಬೆಳಿಗ್ಗೆ ಪುಟ್ಟಗೌರಿಯ ಮಗಳನ್ನು ಹೆರಿಗೆಗೆ ಆಸ್ಪತ್ರೆಗೆ ಸೇರಿಸಿದರೆಂದು ಗೇಟಿನವರು ಹೇಳಿದರು. ಪುಟ್ಟಗೌರಿ ಮಾತ್ರ ಮಿಷನ್ನಿನ ಮುಂದೆ ಕಾಲರ್ ಹೊಲಿಯುತ್ತಾ ಕೂತಿದ್ದಳು. ನಾನೇ ಓಡಿಹೋಗಿ, "ಏಳಿ ಪುಟ್ಟಗೌರಿ, ಈಗಲೇ ಹೊರಡಿ. ಆ್ಯಪ್ ಹಾಳಾಗಲಿ, ರಜೆ ನಾನು ಕೊಡ್ತೀನಿ" ಎಂದೆ.

ಅವಳು ತಲೆ ಎತ್ತಲಿಲ್ಲ. "ಬ್ಯಾಡಿ ಮೇಡಂ. ಆಮೇಕೆ ನನ್ನೆಸ್ರೂ ಬರ್ಕತೀರಿ."

ಸುತ್ತಲಿನ ಮಿಷನ್ನುಗಳು ಒಂದೂ ನಿಲ್ಲಲಿಲ್ಲ. ಪಾಳಿ ಮುಗಿಯುವ ತನಕ ಆಕೆ ಏಳಲಿಲ್ಲ. ಮೊಮ್ಮಗು ಹುಟ್ಟಿದಾಗ ಅಜ್ಜಿ ನನ್ನ ಕಾರ್ಖಾನೆಯಲ್ಲಿದ್ದಳು.

ಆಮೇಲೆ ಐದು ಮಂದಿ ಮ್ಯಾನೇಜರುಗಳಿಗೆ ನಾನು ಕೆಲಸ ಕಲಿಸಿದ್ದೇನೆ. ಅವರಿಗೆಲ್ಲ ಮೊದಲು ಹೇಳುವುದು ಒಂದೇ: ಜನ ನಿಮ್ಮನ್ನು ನಂಬಿ ಹೇಳಿದ್ದನ್ನು ಅವರ ಒಪ್ಪಿಗೆ ಕೇಳದೆ ಎಲ್ಲೂ ಬರೆಯಬೇಡಿ, ಹೊಗಳುವುದಕ್ಕಾದರೂ ಸರಿ. ಅವರು ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ರಜೆ ಬೇಡವೆಂದು ಕೂತ ಒಬ್ಬ ಹೆಂಗಸಿನ ಎದುರು ನಿಂತು ಇದನ್ನು ಕಲಿತೆ ಎಂದು ಮಾತ್ರ ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.